ಬಾಗಿಲ ಬಳಿಯ ಬುಟ್ಟಿ

ಮಾರ್ಚ್ 9

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ನಿನ್ನ ಮಂಡಿ ಹೇಗಿದೆ? ಆ ಹೊಸ ಎಣ್ಣೆ ಏನಾದರೂ ಕೆಲಸ ಮಾಡಿತೋ, ಇಲ್ಲ ಬರೀ ವಾಸನೆಯೋ? ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಕೂತಿದ್ದೇನೆ. ಫೋನನ್ನೂ ಎತ್ತಲಿಲ್ಲ. ಬೈದುಕೊಂಡಿರುತ್ತೀಯ, ಇನ್ನೂ ಒಂದಿಷ್ಟು ಬೈದುಕೋ. ಬರೆಯಲು ಕೂತರೆ ಒಂದೇ ವಿಷಯ ಬರುತ್ತಿತ್ತು, ಅದನ್ನು ಬರೆಯಲು ಕೈ ಬರುತ್ತಿರಲಿಲ್ಲ. ಅದಕ್ಕೇ ತಡವಾಯಿತು. ಕ್ಷಮಿಸು ಅಕ್ಕ.

ನಮ್ಮ ಚಿಲಕಳ ದನಿ ಹೋಯಿತು.

ಚಿಲಕ ಯಾರೆಂದು ನಿನಗೆ ಗೊತ್ತು. ನೀನು ಮುಖ ನೋಡಿಲ್ಲ, ಫೋನಿನಲ್ಲಿ ಕೇಳಿದ್ದೀಯ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ಶನಿವಾರ ಎಲ್ಲರಿಗಿಂತ ಮೊದಲು ಬಂದು ನಾನು ಹಾಡು ಕಲಿಸುವ ನಮ್ಮ ಮಾಳಿಗೆಯ ಬಾಗಿಲ ಚಿಲಕ ತೆಗೆಯುವವಳು ಅವಳೇ, ಎಲ್ಲರೂ ಹೋದ ಮೇಲೆ ಹಾಕುವವಳೂ ಅವಳೇ. ಹುಡುಗರು ಆ ಹೆಸರೇ ಇಟ್ಟರು. ಅವಳ ಅಮ್ಮ ಬಸ್ ಕಂಡಕ್ಟರ್. ಮಗಳು ಮೊದಲ ಸಲ ಹಾಡಿದ ದಿನ ಆಯಮ್ಮ ಹಿಂದಿನ ಸಾಲಿನಲ್ಲಿ ನಿಂತು, "ಗಂಟಲು ನನ್ದೇ ಮೇಡಂ! ಆದ್ರೆ ನಾನು ಸ್ಟಾಪ್ ಕೂಗಿ ಹಾಳುಮಾಡ್ಕೊಂಡೆ, ಇವಳು ಉಳಿಸ್ಕೊಂಡ್ಲು" ಎಂದು ಇಡೀ ಮಾಳಿಗೆಗೆ ಕೇಳುವಂತೆ ಹೇಳಿದ್ದಳು. ನಾವೆಲ್ಲ ಎಷ್ಟು ನಕ್ಕಿದ್ದೆವು.

ಹೋದ ವರ್ಷದ ಕೊನೆಗೆ ಅವಳ ದನಿ ಒಡೆಯಲು ಶುರುವಾಯಿತು. ಅತಿಯಾಗಿ ಅಭ್ಯಾಸ ಮಾಡಿದ್ದಾಳೆ, ನಾಲ್ಕು ದಿನ ಬಾಯಿ ಮುಚ್ಚಿಕೊಂಡು ಬಿಸಿನೀರು ಕುಡಿದರೆ ಸರಿಹೋಗುತ್ತದೆ ಎಂದುಕೊಂಡೆ. ಹೋಗಲಿಲ್ಲ. ಗಂಟಲಲ್ಲಿ ಗಡ್ಡೆ, ಕೆಟ್ಟ ಜಾತಿಯದು. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಆಪರೇಷನ್ನಿಗೆ ಮುಂಚೆ ಒಂದು ಹಾಡಾದರೂ ರೆಕಾರ್ಡ್ ಮಾಡಿ ಇಟ್ಟುಕೊಳ್ಳೋಣ ಎಂದು ನಾನೂ ಮೈಕ್ ಮಾವನೂ ಅವಳನ್ನು ಮಾಳಿಗೆಗೆ ಕರೆಸಿದೆವು. ಮೈಕ್ ಮಾವ ಅಂದರೆ ನಮ್ಮ ಸೌಂಡಿನವನು, ಹುಡುಗರಿಗೆಲ್ಲ ಮಾವ. ಅವಳು ಮೈಕಿನ ಮುಂದೆ ನಿಂತು ಬಾಯಿ ತೆರೆದಳು. ಬಂದದ್ದು ಬರೀ ಗಾಳಿ, ನಡುವೆ ಒಂದಿಷ್ಟು ಕರಕರ. ಅವಳೇ ಕೈಯಾಡಿಸಿ, "ಆಫ್ ಮಾಡಿ ಮಾವ, ಇದು ನಾನಲ್ಲ" ಎಂದಳು. ಮಾವ ಅದನ್ನು ಅಲ್ಲೇ ಅಳಿಸಿಹಾಕಿದ.

ಆಪರೇಷನ್ ಆಯಿತು. ಜೀವಕ್ಕೇನೂ ಭಯವಿಲ್ಲವಂತೆ. ದೊಡ್ಡ ಮಾತೇ ಅದು, ಬೇರೆಯವರ ವಿಷಯವಾಗಿದ್ದರೆ ನಾನೂ ಹಾಗೆಯೇ ಹೇಳುತ್ತಿದ್ದೆ.

ಇನ್ನು ಬುಟ್ಟಿಯ ವಿಷಯ. ನಿನಗೆ ಅದರ ಕಥೆ ಹೇಳಿದ್ದೆನೋ ಇಲ್ಲವೋ ನೆನಪಿಲ್ಲ. ಮಾಳಿಗೆ ಶುರುವಾದ ಹೊಸದರಲ್ಲಿ ಕೀಬೋರ್ಡ್ ನುಡಿಸುವ ಹುಡುಗನೊಬ್ಬ ಇದ್ದ. ಮೊದಲ ಸಲ ಹಾಡುವಾಗ ಗಾಬರಿಯಲ್ಲಿ ಅವನ ಸ್ವರ ಜಾರಿತು. ಯಾರೋ ಪುಣ್ಯಾತ್ಮ ಅದನ್ನು ಫೋನಿನಲ್ಲಿ ಹಿಡಿದು ಊರಿಗೆಲ್ಲ ಹಂಚಿದ. ಹುಡುಗನ ಆಫೀಸಿನವರು ಅವನು ಒಳಗೆ ಬಂದಾಗಲೆಲ್ಲ ಅದನ್ನೇ ಹಾಕಿ ನಗುತ್ತಿದ್ದರಂತೆ. ಅವನು ಮತ್ತೆ ಹಾಡಲಿಲ್ಲ. ಈಗಲೂ ದಾರಿಯಲ್ಲಿ ನನ್ನನ್ನು ಕಂಡರೆ ಆ ಕಡೆ ದಾಟಿಬಿಡುತ್ತಾನೆ. ಅವತ್ತೇ ನಾನು ಬಾಗಿಲ ಬಳಿ ಬೆತ್ತದ ಬುಟ್ಟಿ ಇಟ್ಟೆ. ಒಳಗೆ ಬರುವವರು ಯಾರೇ ಆಗಲಿ ಫೋನನ್ನು ಬುಟ್ಟಿಗೆ ಹಾಕಬೇಕು. ಅಭ್ಯಾಸವಾದರೂ ಸರಿ, ಕಾರ್ಯಕ್ರಮವಾದರೂ ಸರಿ. ಪಕ್ವವಾಯಿತು ಎಂದು ನಾನು ಹೇಳುವವರೆಗೆ ಯಾರ ದನಿಯೂ ಇಲ್ಲಾಗಲಿ ಮನೆಯಲ್ಲಾಗಲಿ ರೆಕಾರ್ಡ್ ಆಗಕೂಡದು. ಎಳೆಯ ಹುಡುಗರು ಅಕ್ಕ, ತಪ್ಪು ಮಾಡಲು ಅವರಿಗೊಂದು ಜಾಗ ಬೇಡವೇ? ಇದನ್ನು ನಾನು ಈಗಲೂ ನಂಬುತ್ತೇನೆ, ಅದೇ ನನ್ನ ಕಷ್ಟ.

ಹೋದ ವರ್ಷ ರೇಡಿಯೋದವನೊಬ್ಬ ಬಂದು ಚಿಲಕಳನ್ನು ಕೇಳಿದ್ದ. ಮೆಟ್ಟಿಲು ಇಳಿಯುವ ತನಕ ನನ್ನ ಹಿಂದೆಯೇ ಬಂದ. "ಒಂದು ಹಾಡು ಕೊಡಿ ಮೇಡಂ ಸಾಕು, ಮುಂದಿನ ವಾರಾನೇ ಹಾಕ್ತೀನಿ. ಇಂಥ ದನಿ ಕೇಳಿ ಎಷ್ಟು ಕಾಲ ಆಯ್ತು!" ಅವಳು ಪಕ್ಕದಲ್ಲೇ ನಿಂತಿದ್ದಳು. ನಾನು, "ಇನ್ನೊಂದು ವರ್ಷ ಹೋಗ್ಲಿ ಬಿಡಿ, ಏನವಸರ?" ಎಂದೆ. ಅವಳ ಮುಖ ಚಿಕ್ಕದಾಯಿತು. ಮರುಗಳಿಗೆಯಲ್ಲೇ, "ಸರಿ ಮಿಸ್" ಎಂದಳು. ನಾನು ಏನು ಹೇಳಿದರೂ ಅವಳದು ಅದೇ, ಸರಿ ಮಿಸ್. ಹುಡುಗರು ಅಣಕಿಸುತ್ತಿದ್ದರು.

ಹೋದ ಶನಿವಾರ ಅವಳು ಆಪರೇಷನ್ ಆದ ಮೇಲೆ ಮೊದಲ ಸಲ ಬಂದಳು. ಕುತ್ತಿಗೆಗೆ ಸ್ಕಾರ್ಫು. ಎಂದಿನಂತೆ ಎಲ್ಲರಿಗಿಂತ ಮೊದಲು ಬಂದು ಚಿಲಕ ತೆಗೆದಿದ್ದಳು. ನಾನು ಮೆಟ್ಟಿಲು ಹತ್ತಿ ಒಳಗೆ ಹೋದರೆ ಕುರ್ಚಿ ಜೋಡಿಸುತ್ತಿದ್ದಾಳೆ. ಕೆಳಗಿನ ಅಂಗಡಿಯವರು ಮೇಜಿಗೆ ವಾರ್ನಿಷ್ ಹೊಡೆಯುತ್ತಿದ್ದರು, ಆ ವಾಸನೆಗೆ ಹೆದರಿ ನಾನು, "ಏ, ಕಿಟಕಿ ತೆಗಿಯೇ, ಗಂಟಲಿಗೆ ಆಗಲ್ಲ ನಿಂಗೆ" ಎಂದೆ. ಹಾಳು ಬಾಯಿ! ಅವಳು ನಕ್ಕಳು. ಏನೋ ಹೇಳಲು ಕೈ ಎತ್ತಿದಳು, ಜೇಬು ತಡಕಿದಳು, ಆಮೇಲೆ ಬಾಗಿಲ ಬಳಿಯ ಬುಟ್ಟಿಯ ಕಡೆ ನೋಡಿದಳು. ಈಗ ಅವಳು ಮಾತಾಡುವುದೆಲ್ಲ ಫೋನಿನಲ್ಲಿ ಬರೆದು ತೋರಿಸಿ. ಒಳಗೆ ಬರುವಾಗ ಅಭ್ಯಾಸಬಲದಿಂದ ಆ ಫೋನನ್ನು ಬುಟ್ಟಿಗೆ ಹಾಕಿ ಬಂದಿದ್ದಳು. ನನ್ನ ಅಪ್ಪಣೆಯಿಲ್ಲದೆ ತೆಗೆದುಕೊಳ್ಳಲು ಅವಳಿಗೆ ಸಂಕೋಚ.

ನಾನೇ ಹೋಗಿ ಬುಟ್ಟಿಯಿಂದ ತೆಗೆದುಕೊಟ್ಟೆ. ಅವಳು ಬರೆದು ನನ್ನ ಮುಂದೆ ಹಿಡಿದಳು: "ಮಿಸ್, ನನ್ನ ದನಿ ಹೇಗಿತ್ತು?"

ತನ್ನ ದನಿ ಹೊರಗಿನಿಂದ ಹೇಗೆ ಕೇಳುತ್ತದೆ ಎಂದು ಅವಳಿಗೆ ಗೊತ್ತೇ ಇಲ್ಲ ಅಕ್ಕ. ಯಾರಿಗೆ ತಾನೇ ಗೊತ್ತಿರುತ್ತದೆ, ಒಮ್ಮೆಯಾದರೂ ರೆಕಾರ್ಡ್ ಕೇಳದಿದ್ದರೆ? ನಾನು ಏನೇನೋ ಹೇಳಿದೆ. ಮೇಲಿನ ಸ್ವರಕ್ಕೆ ಹೋಗುವಾಗ ಸ್ವಲ್ಪ ಒರಟಾಗುತ್ತಿತ್ತು, ಆ ಒರಟೇ ಚೆಂದ ಎಂದೆ. ನನ್ನ ಈ ಕಪ್ಪೆಗಂಟಲಲ್ಲಿ ಹಾಡಿಯೂ ತೋರಿಸಿದೆ. ಪಾಪ, ತಲೆಯಾಡಿಸಿದಳು. ಯಾರಾದರೂ ರೆಕಾರ್ಡ್ ಮಾಡಿರಬಹುದಾ ಮಿಸ್ ಎಂದು ಬರೆದಳು. ಹುಡುಕ್ತೀನಿ ಕಣೇ ಎಂದೆ.

ಹುಡುಕಿದೆ. ಈ ವಾರವಿಡೀ ಅದೇ ಕೆಲಸ. ಯಾರಾದರೂ ನನಗೆ ಮೋಸ ಮಾಡಿರಲಿ ಎಂದು ಜೀವನದಲ್ಲಿ ಮೊದಲ ಸಲ ಬೇಡಿಕೊಂಡೆ. ಪ್ರತಿ ಕಾರ್ಯಕ್ರಮಕ್ಕೂ ಮೊದಲ ಸಾಲಿನಲ್ಲಿ ಕೂರುವ ರಿಟೈರ್ಡ್ ಮೇಷ್ಟ್ರ ಮನೆಗೆ ಹೋಗಿ, ಕದ್ದು ರೆಕಾರ್ಡ್ ಮಾಡಿದ್ದರೆ ಹೇಳಿಬಿಡಿ, ನಿಮ್ಮ ಕಾಲು ಹಿಡೀತೀನಿ ಎಂದೆ. ಅವರು ಎದೆಯುಬ್ಬಿಸಿ, "ಛೆ ಛೆ! ನಿಮ್ಮ ಮಾತು ಮೀರ್ತೀವಾ ಮೇಡಂ? ನನ್ನ ಮೊಮ್ಮಗ ಒಂದ್ಸಲ ಫೋನ್ ಬಚ್ಚಿಟ್ಕೊಂಡು ಬಂದಿದ್ದ, ನಾನೇ ಕಿವಿ ಹಿಂಡಿ ಬುಟ್ಟಿಗೆ ಹಾಕಿಸ್ದೆ" ಎಂದರು. ಡ್ರಮ್ಮಿನವನನ್ನು ಕೇಳಿದೆ, ಗಿಟಾರಿನ ಅವಳಿಗಳನ್ನು ಕೇಳಿದೆ. ಪುಂಡರು ಎಂದು ನಾನು ದಿನಾ ಬೈಯುವ ಆ ಅವಳಿಗಳೂ, "ದೇವ್ರಾಣೆ ಇಲ್ಲ ಮಿಸ್" ಎಂದು ಗಲ್ಲ ಮುಟ್ಟಿಕೊಂಡರು. ಅವಳಮ್ಮನದು ಗುಂಡಿ ಒತ್ತುವ ಹಳೆಯ ಫೋನು, ಅದರಲ್ಲಿ ಮಗಳ ಮಾತೂ ಇಲ್ಲ, ಹಾಡೂ ಇಲ್ಲ. ಮೈಕ್ ಮಾವನ ಮಿಷನ್ನಿನಲ್ಲಿ ರೆಕಾರ್ಡಿನ ವೈರನ್ನೇ ನಾನು ಕೀಳಿಸಿದ್ದೆ, ಆಪರೇಷನ್ನಿನ ಮುಂಚಿನ ಆ ಒಂದು ದಿನಕ್ಕಷ್ಟೇ ಮತ್ತೆ ಹಾಕಿಸಿದ್ದು. ಇಡೀ ಊರಿನಲ್ಲಿ ಒಬ್ಬನೇ ಒಬ್ಬ ಕಳ್ಳ ಸಿಗಲಿಲ್ಲ.

ನಿನ್ನೆ ಹೊಳೆಯಿತು. ಕಳ್ಳಿ ನಾನೇ. ಎಲ್ಲರ ಫೋನೂ ಬುಟ್ಟಿಯಲ್ಲಿದ್ದರೆ ನನ್ನದು ಕಿಟಕಿಯ ಕಟ್ಟೆಯ ಮೇಲೆ ಇರುತ್ತಿತ್ತು. ನಿನಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ, ಆದರೆ ನನಗೆ ಹಾಡು ಕಲಿಸಿದವಳು ನೀನು, ಹುಡುಗರ ಅಭ್ಯಾಸ ನಿನ್ನ ಕಿವಿಗೂ ಬೀಳಲಿ ಎಂದು ಎಷ್ಟೋ ಶನಿವಾರ ನಿನಗೆ ಕರೆ ಮಾಡಿ ಹಾಗೇ ಇಟ್ಟುಬಿಡುತ್ತಿದ್ದೆ. ಡಾಕ್ಟರು ಹೇಳಿದ್ದು ನಿನಗೆ ಮರೆತುಹೋಗುತ್ತದೆ ಎಂದು ನಿನ್ನ ಮಗ ಎಲ್ಲ ಕರೆಗಳೂ ತಾವಾಗಿಯೇ ರೆಕಾರ್ಡ್ ಆಗುವಂತೆ ಮಾಡಿದ್ದಾನೆ ಎಂದು ನೀನೇ ಹೇಳಿದ್ದೆಯಲ್ಲ? ಅವನಿಗೆ ಹೇಳಿ ಹಳೆಯದನ್ನೆಲ್ಲ ಹುಡುಕಿಸು ಅಕ್ಕ. ಚಿಲಕ ಹಾಡಿದ್ದು ಒಂದು ಸಾಲು ಸಿಕ್ಕರೂ ಸಾಕು.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ನಂಬರು ಒತ್ತಿ ಒತ್ತಿ ಇಟ್ಟೆ. ಬಾಯಿ ತೆರೆದರೆ ಅಳು ಬರುತ್ತದೆ, ಆ ಅಳೂ ನಿನ್ನ ಫೋನಿನಲ್ಲಿ ಉಳಿದುಬಿಡುತ್ತದೆ. ಬೇಡ.

ನಿನ್ನ ಮಗನಿಗೆ, ಸೊಸೆಗೆ, ಪುಟ್ಟಿಗೆ ಆಶೀರ್ವಾದ. ನಿನ್ನ ಆಶೀರ್ವಾದ ನನಗಿರಲಿ.

ನಿನ್ನ
ತಂಗಿ

ಮತ್ತೆ: ಪಕ್ವವಾಗಿಲ್ಲ ಎಂದೆನಲ್ಲ, ಈಗ ನೆನೆಸಿಕೊಂಡರೆ ಅವಳ ದನಿಯಲ್ಲಿ ಏನು ಕಡಿಮೆಯಿತ್ತು ಎಂದು ನನಗೇ ನೆನಪಾಗುತ್ತಿಲ್ಲ.


ಏಪ್ರಿಲ್ 2

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ನಿನ್ನ ಮಗ ಕಳಿಸಿದ್ದು ಬಂದು ಎರಡು ವಾರವಾಯಿತು, ತಲುಪಿತು ಎಂದು ಒಂದು ಮಾತೂ ಹೇಳಲಿಲ್ಲ. ತಪ್ಪಾಯಿತು. ಪಾಪ, ಅದನ್ನು ಹುಡುಕಲು ಅವನು ನಮ್ಮಿಬ್ಬರ ಹರಟೆಯನ್ನೆಲ್ಲ ಕೇಳಬೇಕಾಯಿತಂತೆ. ಅವನ ಹೆಂಡತಿಯ ಸಾರಿನ ಬಗ್ಗೆ ನಾವು ಆಡಿಕೊಂಡದ್ದೂ ಅದರಲ್ಲಿ ಇದ್ದೇ ಇರುತ್ತದೆ. ಒಂದು ಮಾತೂ ಎತ್ತಲಿಲ್ಲ ನೋಡು, ದೊಡ್ಡ ಮನುಷ್ಯ. ಬಾಕಿ ಶನಿವಾರಗಳಲ್ಲಿ ಬರೀ ಡ್ರಮ್ಮಿನ ಸದ್ದು, ಇಲ್ಲವೇ ಹಳೆಯದೆಲ್ಲ ತಾನಾಗಿಯೇ ಅಳಿದುಹೋಗಿದೆ ಚಿಕ್ಕಮ್ಮ, ಸಿಕ್ಕಿದ್ದು ಇದೊಂದೇ ಎಂದ. ಒಂದು ಸಿಕ್ಕಿತಲ್ಲ.

ಬಂದ ವಾರದ ಭಾನುವಾರವೇ ಮಧ್ಯಾಹ್ನ ಅದನ್ನು ಮಾಳಿಗೆಯಲ್ಲಿ ಹಾಕಿದೆವು. ನಾನು, ಮೈಕ್ ಮಾವ, ಚಿಲಕ, ಅವಳ ಅಮ್ಮ, ಇಷ್ಟೇ ಜನ. ಆಯಮ್ಮ ಡ್ಯೂಟಿ ಮುಗಿಸಿ ಯೂನಿಫಾರಂನಲ್ಲೇ ಬಂದಿದ್ದಳು. ಮಾವ ಅದರೊಳಗಿನ ಗೊರಗೊರವನ್ನೆಲ್ಲ ಆದಷ್ಟು ತೆಗೆದು ದೊಡ್ಡ ಸ್ಪೀಕರಿಗೆ ಹಾಕಿದ. ಮೊದಲು ಕುರ್ಚಿ ಎಳೆಯುವ ಸದ್ದು, ಯಾರೋ ಕೆಮ್ಮಿದ್ದು. ಆಮೇಲೆ ಅವಳು.

ಅವಳೇ ಅಕ್ಕ. ಕಿಟಕಿಯ ಕಟ್ಟೆಯಿಂದ ದೂರವಿದ್ದರೂ, ನಿನ್ನ ಫೋನಿನ ತನಕ ಹೋಗಿ ಬಂದರೂ ಅವಳೇ. ಅವಳಮ್ಮ ಎದ್ದು ನಿಂತು, "ನನ್ ಮಗಳು! ನನ್ ಮಗಳು ಮೇಡಂ ಇದು!" ಎಂದು ಕೂಗಿದಳು. ಕೂಗಿದ್ದರಿಂದ ಹಾಡು ಕೇಳಿಸದೆ ಹೋಯಿತೆಂದು ತಾನೇ ಬಾಯಿಗೆ ಸೆರಗು ತುರುಕಿಕೊಂಡಳು. ಚಿಲಕ ಅಳಲಿಲ್ಲ. ಯಾರೋ ಗುರುತಿಲ್ಲದವರು ಮಾತಾಡಿಸಿದರೆ ಹೇಗೆ ನೋಡುತ್ತೇವೋ ಹಾಗೆ ಸ್ಪೀಕರನ್ನೇ ನೋಡುತ್ತಿದ್ದಳು. ಮುಗಿದ ಮೇಲೆ ಬರೆದಳು: "ನಾನು ಇಷ್ಟು ಚೆನ್ನಾಗಿ ಹಾಡ್ತಿದ್ನಾ?" ನಾನು ಹೂಂ ಎಂದೆ. ಅಷ್ಟು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು.

ರೇಡಿಯೋದವನಿಗೆ ಕೊಡಲಿಲ್ಲ. ಯಾಕೆಂದು ಕೊನೆಗೆ ಹೇಳುತ್ತೇನೆ.

ಬುಟ್ಟಿಯನ್ನು ಕೆಳಗಿನ ವಾರ್ನಿಷ್ ಅಂಗಡಿಯವರಿಗೆ ಕೊಟ್ಟುಬಿಟ್ಟೆ. ಒರೆಸುವ ಬಟ್ಟೆ ಹಾಕಿಕೊಂಡಿದ್ದಾರೆ. ಈಗ ಹುಡುಗರು ಯಾರು ಬೇಕಾದರೂ ಯಾರನ್ನು ಬೇಕಾದರೂ ರೆಕಾರ್ಡ್ ಮಾಡಬಹುದು. ಆದರೆ ಅವರಿಗೆ ಖುಷಿಯೇ ಇಲ್ಲ. ಫೋನು ಎತ್ತಿದರೆ ಹಾಡುವವರು ಬಿಗಿಯಾಗುತ್ತಾರೆ, ಮೊನ್ನೆ ಹೊಸ ಹುಡುಗಿಯೊಬ್ಬಳು ಅರ್ಧಕ್ಕೇ ಇಳಿದುಹೋದಳು. ಬುಟ್ಟಿ ಇದ್ದರೂ ತಪ್ಪು, ಇಲ್ಲದಿದ್ದರೂ ತಪ್ಪು, ಏನು ಮಾಡಲಿ ಹೇಳು. ನಾನು ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂರುತ್ತೇನೆ. ಯಾರನ್ನೂ ತಿದ್ದಲು ಬಾಯಿ ಬರುವುದಿಲ್ಲ. ಅವಳಿಗಳು ಬೇಕೆಂದೇ ತಾಳ ತಪ್ಪಿಸಿ ನನ್ನ ಕಡೆ ನೋಡಿದರು, ಬೈಯಲಿ ಎಂದು. ನಾನು ಕಿಟಕಿಯ ಕಡೆ ನೋಡಿದೆ.

ಚಿಲಕ ಆಮೇಲೆ ಮಾಳಿಗೆಗೆ ಬಂದಿಲ್ಲ. ಬಾಗಿಲು ತೆಗೆಯಲು ಈಗ ನಾನೇ ಬೇಗ ಹೋಗುತ್ತೇನೆ. ಅಂಗಡಿ ರಜೆಯ ದಿನ ಅವಳು ಅಮ್ಮನ ಬಸ್ಸಿನಲ್ಲಿ ಕೂತು ಈ ಕೊನೆಯಿಂದ ಆ ಕೊನೆಗೆ, ಆ ಕೊನೆಯಿಂದ ಈ ಕೊನೆಗೆ ಸುಮ್ಮನೆ ಓಡಾಡುತ್ತಾಳಂತೆ. "ಕಿವೀಲಿ ಅದನ್ನ ಹಾಕ್ಕೊಂಡು ಕೂತಿರ್ತಾಳೆ ಮೇಡಂ. ಸ್ಟಾಪ್ ಕೂಗಕ್ಕೂ ಮನಸ್ಸಾಗಲ್ಲ ನಂಗೆ, ಎಲ್ಲಿ ಅವಳಿಗೆ ಅಡ್ಡ ಆಗತ್ತೋ ಅಂತ. ಮೊನ್ನೆ ಜನ ಇಳಿಯೋ ಜಾಗ ತಪ್ಪಿಸ್ಕೊಂಡು ನನ್ನನ್ನ ಬೈದ್ರು" ಎಂದಳು ಅವಳಮ್ಮ.

ನಿನ್ನ ಸೊಸೆಯ ಸಾರು ಚೆನ್ನಾಗಿದೆ ಎಂದು ನಾನು ಹೇಳಿದೆ ಅಂತ ಹೇಳು. ಪುಟ್ಟಿ ಏನಾದರೂ ಹಾಡಲು ಕೂತರೆ, ಸರಿಯೋ ತಪ್ಪೋ, ಪೂರ್ತಿ ಹಾಡಲು ಬಿಡು. ಅವಳಿಗೆ ನನ್ನ ಆಶೀರ್ವಾದ. ನಿನ್ನ ಮಂಡಿ ನೋವು ಕಡಿಮೆಯಾಗಲಿ.

ನಿನ್ನ
ತಂಗಿ

ಮತ್ತೆ: ನೀನು ಅದನ್ನು ಇನ್ನೂ ಕೇಳಿಲ್ಲ ಎಂದು ನಿನ್ನ ಮಗ ಹೇಳಿದ. ಕೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ. ಅದು ಪೂರ್ತಿ ಹಾಡಲ್ಲ ಅಕ್ಕ. ಪಲ್ಲವಿ ಮುಗಿಸಿ ಅವಳು ಮೇಲಕ್ಕೆ ಹೋಗುತ್ತಾಳೆ, ಆ ಒರಟು ಬರುತ್ತದೆ, ಇನ್ನೇನು ತುದಿ ಮುಟ್ಟಬೇಕು ಎನ್ನುವಾಗ ನನ್ನ ದನಿ. ಫೋನಿನ ಪಕ್ಕದಲ್ಲೇ ಕೂತಿದ್ದೆನಲ್ಲ, ಎಲ್ಲಕ್ಕಿಂತ ಜೋರಾಗಿ ಕೇಳುತ್ತದೆ: "ನಿಲ್ಸು, ನಿಲ್ಸು. ಇದು ಯಾರ ಕಿವಿಗೂ ಬೀಳೋ ಹಾಗಿಲ್ಲ." ಹಾಡು ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ನಾನು ಫೋನು ಎತ್ತಿಕೊಂಡು ನಿನ್ನ ಮಂಡಿಯ ವಿಚಾರ ಕೇಳಲು ಶುರುಮಾಡುತ್ತೇನೆ.

ಆ ಭಾನುವಾರ ಮೈಕ್ ಮಾವ ನನ್ನ ಮುಖ ನೋಡಲಾರದೆ ವೈರು ಸುತ್ತುತ್ತಾ, "ಮೇಡಂ ಮಾತು ತೆಗೆದುಹಾಕ್ತೀನಮ್ಮ, ಹಾಡಿನ ಭಾಗ ಮಾತ್ರ ಇಟ್ಟುಕೊಡ್ತೀನಿ" ಎಂದು ಅವಳಿಗೆ ಹೇಳಿದ. ಅವಳು ಬೇಡ ಎಂದು ತಲೆಯಾಡಿಸಿದಳು. ಬರೆದು, ಮಾವನಿಗಲ್ಲ, ನನಗೆ ತೋರಿಸಿದಳು:

"ಇರಲಿ ಬಿಡಿ. ನೀವು ನಿಲ್ಸು ಅಂದ ಮೇಲೆ ನಾನು 'ಸರಿ ಮಿಸ್' ಅಂತೀನಿ. ನಾನು ಮಾತಾಡಿದ್ದು ಅಂತ ಇರೋದು ಅದೊಂದೇ."