ಮೊದಲೇ ಎಳೆದಿಟ್ಟ ವೈರು

ಮಾರ್ಚ್ ೯, ಸೋಮವಾರ
ಬೆಳಿಗ್ಗೆ ಹನ್ನೊಂದು ಗಂಟೆ, ವ್ಯಾನಿನೊಳಗಿನಿಂದ

ನನ್ನ ಪುಟ್ಟಿಗೆ,

ಹೇಗಿದ್ದೀಯಮ್ಮ? ನಿನ್ನ ಕನ್ನಡಕದ ಅಂಗಡಿ ಹೇಗೆ ನಡೆದಿದೆ? ಅಳಿಯಂದಿರ ಸೊಂಟನೋವು ಇಳಿಯಿತೇ? ನಿನ್ನ ಪತ್ರ ಬಂದು ಮೂರು ತಿಂಗಳಾಯಿತು. ಮುನಿಸಿಕೊಂಡಿರುತ್ತೀ, ಮುನಿಸಿಕೋ, ತಪ್ಪು ನನ್ನದೇ. ಇಂಥ ಹೊತ್ತಿಗೆ ‘ಸರ್ಕಮ್‌ಸ್ಟನ್ಸಸ್’ ಅಂತ ಭಾರವಾದ ಇಂಗ್ಲಿಷ್ ಪದವೊಂದಿದೆ. ಕಾಲೇಜಿನಲ್ಲಿ ಅದರ ಸ್ಪೆಲಿಂಗಿಗೇ ಅರ್ಧ ಮಾರ್ಕು ಕಳೆದುಕೊಂಡವನು ನಾನು, ಈಗ ಅದನ್ನು ನೆಪಕ್ಕೆ ಎಳೆಯುವುದಿಲ್ಲ. ನಿಜ ಏನೆಂದರೆ, ನಿನ್ನ ಪತ್ರದ ಕೊನೆಯಲ್ಲೊಂದು ಪ್ರಶ್ನೆಯಿತ್ತು. “ಎರಡು ವರ್ಷದ ಹಿಂದೆ ನಾನು ರಜೆ ಹಾಕಿ ಬ್ಯಾಗು ತುಂಬಿಕೊಂಡು ಕೂತಿದ್ದೆ, ಅಷ್ಟು ಆಸೆಪಟ್ಟಿದ್ದ ಅಮ್ಮ ಇದ್ದಕ್ಕಿದ್ದಂತೆ ಸಮುದ್ರ ಬೇಡ ಅಂದಳಲ್ಲ, ನನ್ನ ಜೊತೆ ಬರೋದು ಅವಳಿಗೆ ಇಷ್ಟವಿರಲಿಲ್ಲವಾ ಅಪ್ಪಾ?” ಅಂತ ನೀನು ಕೇಳಿದ್ದೆ. ಪೆನ್ನು ಹಿಡಿದಾಗಲೆಲ್ಲ ಆ ಸಾಲಿಗೆ ಬಂದು ನಿಂತುಬಿಡುತ್ತಿದ್ದೆ. ಫೋನಿನಲ್ಲಾದರೆ ಮಾತು ತೇಲಿಸಿಬಿಡುತ್ತೇನೆ, ಅದಕ್ಕೇ ಪತ್ರ. ಇರಲಿ, ಮೊದಲು ಸುದ್ದಿ.

ವ್ಯಾನಿಗೆ ಹೊಸ ಸೋಲಾರ್ ಹಾಕಿಸಿದೆ! ಹಳೆಯದು ನಿನಗೆ ಗೊತ್ತಲ್ಲ. ತಲೆಯ ಮೇಲೆ ಒಂದೇ ಒಂದು ಪ್ಯಾನೆಲ್ಲು, ಸೀಟಿನ ಕೆಳಗೆ ಗಿಡಕ್ಕೆ ಹಾಕಿದ ಹಾಗೆ ಆಗಾಗ ನೀರು ಹಾಕಬೇಕಾದ ಬ್ಯಾಟರಿ. ಫ್ಯಾನು ತಿರುಗಿದರೆ ದೀಪ ನಾಚಿಕೊಳ್ಳುತ್ತಿತ್ತು. ಈಗ ಮೂರು ಪ್ಯಾನೆಲ್ಲು, ನೀರು ಕೇಳದ ಎರಡು ಬ್ಯಾಟರಿ, ದೊಡ್ಡ ಇನ್ವರ್ಟರು. ಕೆಲಸಕ್ಕೆ ಬಂದವಳು ನಿನ್ನ ವಯಸ್ಸಿನವಳೇ. ನಾನು ಅವಳಿಗೆ ಸೋಲಾರಮ್ಮ ಅಂತ ಹೆಸರಿಟ್ಟೆ. ಏಣಿ ಹತ್ತಲು ಹೋದರೆ ಗದರಿದಳು: “ಯಜಮಾನ್ರೇ, ಕೆಳಗಿಳೀರಿ. ಪ್ಯಾನೆಲ್ಲಿಗೆ ಗ್ಯಾರಂಟಿ ಇದೆ, ನಿಮಗಿಲ್ಲ.”

ಇಳಿದೆ.

“ಒಳಗೆ ಮಲಗೋರು ಎಷ್ಟು ಜನ?” ಅಂದಳು.

“ಒಬ್ಬನೇ.”

“ಒಬ್ಬರಿಗೆ ಇಷ್ಟೊಂದು ಕರೆಂಟಾ? ಒಳಗೇನು ಟಾಕೀಸ್ ಇಡ್ತೀರಾ?”

“ಇಟ್ಟರೆ ನಿನಗೆ ಟಿಕೆಟ್ ಇಲ್ಲಮ್ಮ, ಫ್ರೀ,” ಅಂದೆ.

ನಕ್ಕಳು. ಆಮೇಲೆ ವ್ಯಾನಿನೊಳಗಿನ ಬೀರುವಿನ ಹಿಂದಿನ ಹಲಗೆ ಬಿಚ್ಚಿ, “ಅರೆ! ಚಾವಣಿಯಿಂದ ಬ್ಯಾಟರಿವರೆಗೂ ದಪ್ಪ ವೈರು ಆಗಲೇ ಎಳೆದಿಟ್ಟಿದ್ದಾರಲ್ಲ, ಹೊಸದೇ ಇದೆ. ನನಗೆ ಅರ್ಧ ದಿನದ ಕೆಲಸ ಉಳೀತು. ಯಾರು ಎಳೆದದ್ದು?” ಅಂತ ಕೇಳಿದಳು. “ಯಾರೋ, ನೆನಪಿಲ್ಲ,” ಅಂದೆ. ಎಲ್ಲ ಸೇರಿ ಎರಡೇ ದಿನದಲ್ಲಿ ಮುಗಿಯಿತು ಪುಟ್ಟಿ. ಎರಡೇ ದಿನ.

ನಿನ್ನೆ ಒಂದು ಪರೀಕ್ಷೆ ಮಾಡಿದೆ. ಕೇಳಿದರೆ ನನ್ನ ತಲೆ ಕೆಟ್ಟಿದೆ ಅನ್ನುತ್ತೀಯೇನೋ. ಅಮ್ಮನ ಆಕ್ಸಿಜನ್ ಮಷೀನು ಅಟ್ಟದ ಮೇಲಿತ್ತಲ್ಲ, ಅದನ್ನು ಇಳಿಸಿ, ಒರೆಸಿ, ಬಾಟಲಿಗೆ ನೀರು ತುಂಬಿ, ವ್ಯಾನಿನಲ್ಲಿ ಅವಳಿಗೆಂದು ಮಾಡಿಸಿದ್ದ ಹಾಸಿಗೆಯ ಪಕ್ಕ ಇಟ್ಟು ಸ್ವಿಚ್ ಹಾಕಿದೆ. ಬೆಳಿಗ್ಗೆ ಒಂಬತ್ತು ಗಂಟೆ. ಎದುರಿನ ಹಾಸಿಗೆಯಲ್ಲಿ ನಾನು ಕಾಲು ಚಾಚಿದೆ.

ಆ ಸದ್ದು ನಿನಗೆ ನೆನಪಿದೆಯಾ? ಯಾರೋ ಮಗ್ಗುಲಲ್ಲಿ ನೆಮ್ಮದಿಯಾಗಿ ಉಸಿರಾಡಿದ ಹಾಗೆ. ಬಾಟಲಿಯ ನೀರಿನಲ್ಲಿ ಗುಳ್ಳೆ ಏಳುತ್ತಿತ್ತು. ಅದರ ಮೇಲೆ ಬಿದ್ದ ಬಿಸಿಲು ಕುಣಿದು ಚಾವಣಿಗೆ ಹೋಗಿ ಅಲೆಯಾಗುತ್ತಿತ್ತು. ನೋಡುತ್ತ ನೋಡುತ್ತ ಅಂಗಳವೇ ಜಾರಿಹೋಯಿತು. ಪಕ್ಕದ ಗೋಡೆ, ಒಣಗಿಸಿದ ಬಟ್ಟೆ, ಬೀದಿಯ ಸ್ಕೂಟರುಗಳು ಎಲ್ಲ ದಡದಲ್ಲೇ ಉಳಿದವು, ವ್ಯಾನು ಮಾತ್ರ ಹಗುರವಾಗಿ ತೇಲುತ್ತ ಹೊರಟಿತು. “ರೀ, ಬಂತಾ?” ಅಂದಳು ಅಮ್ಮ. “ಇನ್ನೊಂದೇ ತಿರುವು ಕಣೇ,” ಅಂದೆ. “ನೀವು ಯಾವಾಗಲೂ ಹೀಗೇ ಅಂತೀರಿ,” ಅಂದಳು. ಬೇಸರವಿರಲಿಲ್ಲ ದನಿಯಲ್ಲಿ, ಕಿಟಕಿಯ ಕಡೆಗೇ ಮುಖ ಮಾಡಿದ್ದಳು.

ಎಚ್ಚರವಾದಾಗ ಪರದೆಯ ಮೇಲೆ ಸಂಜೆ. ಮಷೀನು ಒಂದು ಸಲವೂ ನಿಂತಿರಲಿಲ್ಲ. ಬ್ಯಾಟರಿ ಇನ್ನೂ ಮುಕ್ಕಾಲಿಗಿಂತ ಮೇಲಿತ್ತು. ಕೊಳವೆಯ ತುದಿ ಖಾಲಿ ದಿಂಬಿನ ಮೇಲೆ ಮಲಗಿಕೊಂಡು ಸುಮ್ಮನೆ ಗಾಳಿ ಊದುತ್ತಿತ್ತು. ಆರಿಸಲು ಕೈ ಬರಲಿಲ್ಲ, ಇನ್ನೂ ಒಂದು ಗಂಟೆ ಬಿಟ್ಟೆ. ನಾಳೆ ಆಸ್ಪತ್ರೆಯ ನರ್ಸಮ್ಮನಿಗೆ ಕೊಟ್ಟುಬಿಡುತ್ತೇನೆ. ಅವರಲ್ಲಿ ಬೇಕಾದವರು ಬಹಳ ಜನರಂತೆ.

ನೀನು ಬಾ ಪುಟ್ಟಿ. ಏಪ್ರಿಲ್‌ನಲ್ಲಿ ನಾಲ್ಕು ದಿನ ರಜೆ ಹಾಕು. ಸಮುದ್ರದ ಎದುರಿಗೆ ಹಿಂಬಾಗಿಲು ತೆರೆದು ನಿಲ್ಲಿಸೋಣ, ಅಮ್ಮ ಬಯಸಿದ್ದ ಹಾಗೇ, ಮಲಗಿದಲ್ಲಿಂದಲೇ ಅಲೆ ಕಾಣುವಂತೆ. ಅವಳ ಹಾಸಿಗೆ ನಿನಗೆ. ಆದರೆ ಬರುತ್ತೀಯೋ ಇಲ್ಲವೋ ಅನ್ನುವುದನ್ನು ಇಡೀ ಪತ್ರ ಓದಿದ ಮೇಲೆ ತೀರ್ಮಾನಿಸು.

ನಿನ್ನ ಕಣ್ಣು, ಕೈ, ಮನೆ ಎಲ್ಲ ತಂಪಾಗಿರಲಿ. ಅಳಿಯಂದಿರಿಗೆ ಭಾರ ಎತ್ತಬೇಡಿ ಅಂತ ಹೇಳು.

ನಿನ್ನ
ಅಪ್ಪ

ತಾ.ಕ.: ನಿನ್ನ ಪ್ರಶ್ನೆಗೆ ಉತ್ತರ. ಅಮ್ಮ ಬೇಡ ಅನ್ನಲಿಲ್ಲ, ಬೇಡ ಅನ್ನಿಸಿದವನು ನಾನು. ಆ ವೈರು ಎಳೆದವನೂ ನಾನೇ. ಬ್ಯಾಟರಿ ತರಿಸುವುದೊಂದೇ ಬಾಕಿ ಇತ್ತು. ಆಗ ಹೆದರಿಕೆ ಹಿಡಿಯಿತು. ಆಸ್ಪತ್ರೆಯಿಲ್ಲದ ದಾರಿಯಲ್ಲಿ ಮಷೀನು ನಿಂತರೆ, ಇವಳು ನನ್ನ ಕಣ್ಣೆದುರೇ ಹೋದರೆ? ತರಿಸಲಿಲ್ಲ. “ಎಷ್ಟು ಬ್ಯಾಟರಿ ಹಾಕಿದರೂ ಈ ವ್ಯಾನಿಗೆ ಆಗಲ್ಲ ಕಣೇ, ವೈರಿಂಗೇ ನಾಟ್ ಸಫಿಶಿಯೆಂಟ್,” ಅಂದುಬಿಟ್ಟೆ. ಸುಳ್ಳು ಹೇಳುವಾಗ ನನಗೆ ಇಂಗ್ಲಿಷ್ ಬರುತ್ತದೆ. ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. “ಹಾಗಾದ್ರೆ ಬಿಡಿ. ಪುಟ್ಟಿಗೆ ನಾನೇ ಬೇಡ ಅಂದೆ ಅಂತ ಹೇಳ್ತೀನಿ, ಇಲ್ಲಾಂದ್ರೆ ನಿಮ್ಮ ಜೊತೆ ಜಗಳಕ್ಕೆ ಬೀಳ್ತಾಳೆ,” ಅಂದು ನಿನಗೆ ಫೋನು ಮಾಡಿದಳು. ನನ್ನ ಮಾತು ನಂಬಿದಳು ಅಂದುಕೊಂಡೇ ಇಷ್ಟು ದಿನ ಕಳೆದೆ. ಮೊನ್ನೆ ಸೋಲಾರಮ್ಮ ಬೀರುವಿನೊಳಗೆ ತಲೆ ತೂರಿಸಿ “ಸ್ವಲ್ಪ ಟಾರ್ಚ್ ಹಿಡೀರಿ” ಅಂದಾಗ ಥಟ್ಟನೆ ನೆನಪಾಯಿತು. ನಾನು ಆ ವೈರು ಎಳೆದ ದಿನ, ಮನೆಯ ಕಿಟಕಿಯಿಂದ ವ್ಯಾನಿನವರೆಗೆ ಆಕ್ಸಿಜನ್ನಿನ ಉದ್ದದ ಕೊಳವೆ ಹಾಯಿಸಿಕೊಂಡು, ಮೊದಲಿನಿಂದ ಕೊನೆಯವರೆಗೂ ಟಾರ್ಚ್ ಹಿಡಿದು ಕೂತಿದ್ದವಳು ಅವಳೇ.