ಸದ್ದಿಲ್ಲದ ಟೈರು

ಆಗಸ್ಟ್ ೧೪, ಬುಧವಾರ

ಟೈರು ಬದಲಾಯಿಸಬಾರದಿತ್ತು.

ಗ್ಲೆನಿಸ್‌ಗೆ ಕ್ಯಾನ್ಸರ್ ಮೂಳೆಗಿಳಿದ ಮೇಲೆ ವಾರಕ್ಕೆರಡು ಸಲ ಹಾರ್ಶಮ್‌ನಿಂದ ಬ್ಯಾಲರಾಟ್ ಆಸ್ಪತ್ರೆಗೆ ಓಡಾಟ. ದಾರಿಯುದ್ದಕ್ಕೂ ದಪ್ಪ ಜಲ್ಲಿಯ ಟಾರು. ಹಳೆ ಟೈರು ಅದರ ಮೇಲೆ ಮೊರೆಯುತ್ತಿತ್ತು. ಇಷ್ಟು ದುಬಾರಿ ಕಾರಿಟ್ಟುಕೊಂಡು ಹೆಂಡತಿಗೆ ದಾರೀಲಿ ಒಂದು ಜೊಂಪು ನಿದ್ದೆ ಮಾಡಲಾಗದಿದ್ದರೆ ಹೇಗೆ ಅಂತ ನಿನ್ನೆ ಡ್ಯಾರಿಲ್‌ನ ಟೈರಂಗಡಿಗೆ ಹೋದೆ.

"ಈ ವಯಸ್ಸಲ್ಲಿ ಯಾವ ರೇಸಿಗೋ ಹೊರಟಿದ್ದು?" ಅಂದ. ವಿಷಯ ಹೇಳಿದೆ. ನಗು ನಿಲ್ಲಿಸಿ, ಒಳಗೆ ಸ್ಪಂಜು ಅಂಟಿಸಿದ ಮೆತ್ತನೆಯ ಟೈರು ತೋರಿಸಿದ. "ತಿರುವಿನಲ್ಲಿ ಹಿಡಿತ ಸ್ವಲ್ಪ ಕಮ್ಮಿ. ಆದರೆ ಮಗು ಥರ ನಿದ್ದೆ ಮಾಡ್ತಾಳೆ ನೋಡು."

ಇವತ್ತು ಕಾರು ತೇಲಿದ ಹಾಗೆ ಹೋಯಿತು. ಸ್ಟಾವೆಲ್ ಊರು ದಾಟುವಾಗ ಪಕ್ಕದ ಸೀಟಿನಿಂದ ಕೇಳಿಸಿತು, ಉಸಿರುಸಿರಿಗೂ ಸಣ್ಣ ನರಳಿಕೆ. ಗಾಬರಿಯಾಗಿ ಕಾರು ನಿಲ್ಲಿಸಿದೆ.

"ಕೇಳಿಸ್ತಾ?" ಅಂದಳು. "ಜೂನ್‌ನಲ್ಲಿ ಚಳಿಗಾಲ ಶುರುವಾದಾಗಿಂದ ಹೀಗೇ ಕಣೋ. ಆ ಟೈರಿನ ಗದ್ದಲದಲ್ಲಿ ನೆಮ್ಮದಿಯಾಗಿ ನರಳ್ಕೋತಿದ್ದೆ."

ರೇಡಿಯೊ ಹಾಕಿದೆ. ತಲೆನೋವು, ಆರಿಸು ಅಂದಳು.

ವಾಪಸ್ ಬರುವಾಗ ಕರವಸ್ತ್ರ ಕಚ್ಚಿಕೊಂಡು ಕೂತಿದ್ದಳು. ಎರಡು ಗಂಟೆ ಕಾರಿನಲ್ಲಿ ಒಂದೂ ಸದ್ದಿಲ್ಲ.

ನಾಳೆ ಬೆಳಿಗ್ಗೆ ಎದ್ದ ಕೂಡಲೇ ಡ್ಯಾರಿಲ್‌ಗೆ ಫೋನ್ ಮಾಡಬೇಕು. ಹಳೆಯ ನಾಲ್ಕನ್ನೂ ಅವನು ಎಸೆದಿರದಿದ್ದರೆ ಮತ್ತೆ ಅವನ್ನೇ ಹಾಕಿಸಬೇಕು.