ಗುರುಪೂಜೆಯಲ್ಲಿ ಅಜ್ಜಿಯ ಹೆಸರು

ಅಜ್ಜ,

ಇವತ್ತು ಬೆಳಿಗ್ಗೆ ನಿನ್ನ ಹಳೆಯ ಸೇನಾ ವಾದ್ಯತಂಡಕ್ಕೆ ನನ್ನನ್ನು ಸೇರಿಸಿಕೊಳ್ಳುವವರಿದ್ದರು. ನುಡಿಸುವ ಮೊದಲು ಗುರುಗಳಿಗೆ ಬಾಳೆಹಣ್ಣು, ಊದುಬತ್ತಿ ಇಟ್ಟು, ರಾಗ ಕೊಟ್ಟವರ ಹೆಸರನ್ನು ಗಟ್ಟಿಯಾಗಿ ಹೇಳುತ್ತೇವಲ್ಲ, ನೀನು ರಾಗ ಕಟ್ಟಿದ ನಮ್ಮ ದೇಶದ ರಾಷ್ಟ್ರಗೀತೆಗೆ ಆ ಪೂಜೆಯನ್ನು ನನ್ನಿಂದಲೇ ಮಾಡಿಸಿದರು. "ಕ್ಯಾಪ್ಟನ್ ಸಾರಿನ್" ಎಂದು ನಿನ್ನನ್ನು ಹೆಸರಿಸಿದೆ. ಆಮೇಲೆ "ಯೂನ್ ಫಲ್ಲಾ" ಎಂದು ಅಜ್ಜಿಯ ಹೆಸರನ್ನೂ ಹೇಳಿದೆ.

ತಂಡದ ಮುಖ್ಯಸ್ಥ ಮೇಜರ್ ವುತ್ತಿ ತಿರುಗಿ ನೋಡಿದರು. "ಅದ್ಯಾರೋ?"

"ನನ್ನಜ್ಜಿ ಸಾರ್. ಕೊನೇ ಸಾಲಿನ ರಾಗ ಅವಳು ನಾಟಿ ಮಾಡ್ತಾ ಹಾಡ್ತಿದ್ದಿದ್ದು. ಅಜ್ಜನೇ ಹೇಳಿದ್ದು."

"ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟೋನು ನಮಗೆ ಚರಿತ್ರೆ ಕಲಿಸ್ತಾನೆ, ನೋಡ್ರಪ್ಪ."

ತಂಡದವರು ನಕ್ಕರು. ಆ ಹೆಸರು ಬಿಟ್ಟು ಇನ್ನೊಮ್ಮೆ ಹೇಳು ಎಂದರು ಮೇಜರ್. ನಾನು ಹೇಳಲಿಲ್ಲ. ಕೆಲಸ ಹೋಯಿತು.

ಆಸ್ಪತ್ರೆಯಲ್ಲಿ ನೀನು ಆ ರಾಗ ಅಜ್ಜಿಯದು ಎಂದು ನನಗೆ ಹೇಳಿದಾಗ, ಅಜ್ಜಿಯ ಮುಂದೆಯೂ ಹೇಳು ಎಂದು ನಾನು ರೇಗಿದ್ದೆ. ನಾಳೆ ಬರುತ್ತೇನೆ ಎಂದು ಎದ್ದು ಹೋದ ನಾನು ಬರಲಿಲ್ಲ; ಅಷ್ಟರಲ್ಲಿ ನೀನು ತೀರಿಕೊಂಡೆ.

ಇವತ್ತು ಪೂಜೆಯಲ್ಲಿ ಅಜ್ಜಿ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಕೇಳಿದ್ದಳು. ಮನೆಗೆ ಬಂದ ಮೇಲೆ, "ಹೇಳೋದಾಗಿದ್ರೆ ನಿಮ್ಮಜ್ಜನೇ ಹೇಳ್ಬೇಕಿತ್ತು ಕಣೋ" ಎಂದಳು.

ಅಂಗಳದಲ್ಲಿ ಕೂತವಳನ್ನು ನಾಲ್ಕು ಸಲ ಹೋಗಿ ನೋಡಿ ಬಂದೆ. ಅವಳು ಪೂಜೆಗೆಂದು ಉಟ್ಟ ರೇಷ್ಮೆ ಬಟ್ಟೆಯನ್ನು ಇನ್ನೂ ಬದಲಿಸಿಲ್ಲ.